ಕೊಂಬೆಯಲ್ಲಿ ಅಡಗಿರುವ ಬಲ

ಕಾಫಿಯು ನೆರಳನ್ನು ಬಯಸುವ ಸಸ್ಯ. ಆದರೆ ನೆರಳು ಮಿತಿಮೀರಿದರೆ ಮಳೆಗಾಲದಲ್ಲಿ ತೋಟದ ತೇವ ಆರದೆ ರೋಗಗಳಿಗೆ ಎಡೆಯಾಗುತ್ತದೆ. ಆದುದರಿಂದಲೇ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ತೋಟಗಳಲ್ಲಿ ಮುಂಗಾರಿಗೆ ಮೊದಲು ಹಾಲುವಾಣ, ಸಿಲ್ವರ್ ಓಕ್, ಅತ್ತಿ ಮೊದಲಾದ ಮರಗಳ ಕೊಂಬೆಗಳನ್ನು ಸವರುವರು. ಮರಗಸಿಯೆಂಬ ಈ ಕೆಲಸದಲ್ಲಿ ಪ್ರಾಣಹಾನಿಯೂ ಉಂಟು. ಅದನ್ನು ವಿಧಿಯೆಂದು ಬಿಡುವ ಮೊದಲು, ಮರದಲ್ಲಿ ಯಾವ ಬಲಗಳು ಅಡಗಿವೆ ಎಂಬುದನ್ನು ಅರಿಯೋಣ.

ಅಡ್ಡಲಾಗಿ ಚಾಚಿದ ಕೊಂಬೆಯು, ಒಂದು ತುದಿಯನ್ನು ಮಾತ್ರ ಗೋಡೆಯಲ್ಲಿ ಹುದುಗಿಸಿದ ತೊಲೆಯಂತೆ. ಅದರ ಭಾರವು ತುದಿಯನ್ನು ಕೆಳಕ್ಕೆ ಜಗ್ಗುತ್ತದೆ. ಇದರಿಂದ ಮೇಲ್ಭಾಗದ ನಾರುಗಳು ಎಳೆತಕ್ಕೂ ಕೆಳಭಾಗದ ನಾರುಗಳು ಒತ್ತಡಕ್ಕೂ ಒಳಗಾಗುತ್ತವೆ. ಕೆಳಗಿನಿಂದ ಮಾತ್ರ ಕೊಯ್ಯುತ್ತ ಹೋದರೆ ಒತ್ತಡದಿಂದ ಸೀಳು ಮುಚ್ಚಿಕೊಂಡು ಗರಗಸ ಸಿಕ್ಕಿಕೊಳ್ಳುತ್ತದೆ. ಮೇಲಿನಿಂದ ಮಾತ್ರ ಕೊಯ್ದರೆ ಅಪಾಯ ಇನ್ನೂ ಹೆಚ್ಚು. ಪೂರ್ಣ ಕತ್ತರಿಸುವ ಮೊದಲೇ ಕೊಂಬೆ ಕುಸಿದು, ಕೆಳಗಿನ ತೊಗಟೆಯನ್ನು ಕಾಂಡದುದ್ದಕ್ಕೂ ಸಿಗಿದುಕೊಂಡು, ಬಾಗಿಲಿನಂತೆ ತಿರುಗಿ ಕಾಂಡದತ್ತ ಬಡಿಯುತ್ತದೆ. ಕೊಯ್ಯುವವನು ಇರುವುದೂ ಅಲ್ಲಿಯೇ ಅಲ್ಲವೇ?

ಇದಕ್ಕೆ ಪರಿಹಾರವೆಂದರೆ ಮೂರು ಕೊಯ್ತಗಳ ಕ್ರಮ. ಮೊದಲನೆಯದು ಕಾಂಡದಿಂದ ಸುಮಾರು ಒಂದೂವರೆ ಅಡಿ ದೂರದಲ್ಲಿ, ಕೆಳಗಿನಿಂದ, ಕೊಂಬೆಯ ದಪ್ಪದ ಕಾಲು ಭಾಗದಷ್ಟು. ಎರಡನೆಯದು ಅದಕ್ಕಿಂತ ಎರಡು ಮೂರು ಅಂಗುಲ ಹೊರಗೆ, ಮೇಲಿನಿಂದ. ಆಗ ಕೊಂಬೆ ಮುರಿದರೂ ಸೀಳು ಮೊದಲ ಕೊಯ್ತದಲ್ಲಿಯೇ ನಿಲ್ಲುತ್ತದೆ. ಮೂರನೆಯದು ಉಳಿದ ಮೋಟನ್ನು ತೆಗೆಯಲು.

ಈ ಕೊನೆಯ ಕೊಯ್ತವನ್ನು ಕಾಂಡಕ್ಕೆ ತಗಲುವಂತೆ ಮಾಡಬಾರದು. ಕೊಂಬೆಯ ಬುಡದಲ್ಲಿ ಉಬ್ಬಿದ ಬಳೆಯಂತಹ ಭಾಗವಿರುತ್ತದೆ. ಅದರ ಹೊರಗೇ ಕೊಯ್ಯಬೇಕು. ಮರವು ಗಾಯಗೊಂಡ ನಾರನ್ನು ಮತ್ತೆ ಹೊಸದಾಗಿಸಲಾರದು. ಕೊಳೆತವು ಹರಡದಂತೆ ಅದರ ಸುತ್ತ ತಡೆಗಳನ್ನು ಕಟ್ಟುತ್ತದೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ 1977ರಲ್ಲಿ ಈ ವ್ಯವಸ್ಥೆಯನ್ನು ವಿವರಿಸಿದರು. ಬಳೆಯನ್ನು ಕಡಿದರೆ ಆ ರಕ್ಷಣೆಯನ್ನೇ ಕಡಿದಂತೆ. ಇಂದು ಅಡ್ಡಾದಿಡ್ಡಿಯಾಗಿ ಕಡಿದ ಗಾಯವು ಮುಂದೆ ಟೊಳ್ಳಾಗಿ, ಮರವೇರಿದ ಮತ್ತೊಬ್ಬನ ಕಾಲ ಕೆಳಗೆ ಮುರಿಯಬಹುದು.

ಏಣಿಯ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಕಡಿಯುವ ಕೊಂಬೆಗೇ ಏಣಿಯನ್ನು ಆನಿಸಿದರೆ, ಭಾರ ಕಳಚಿದೊಡನೆ ಉಳಿದ ಭಾಗ ಮೇಲಕ್ಕೆ ಚಿಮ್ಮಿ ಏಣಿ ಆಸರೆ ತಪ್ಪುತ್ತದೆ. ಏಣಿಯನ್ನು ಕಾಂಡಕ್ಕೆ ಆನಿಸಿ, ಹಗ್ಗದಿಂದ ಬಿಗಿದು, ಏರಿದವನು ಸೊಂಟಪಟ್ಟಿಯನ್ನು ಗಟ್ಟಿಯಾದ ಭಾಗಕ್ಕೆ ಕಟ್ಟಿಕೊಳ್ಳಬೇಕು. 10 ಮೀಟರು ಎತ್ತರದಿಂದ ಬಿದ್ದ ವಸ್ತುವು ಒಂದೂವರೆ ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 50 ಕಿಲೊಮೀಟರು. ಕೂಗಿ ಎಚ್ಚರಿಸುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಆದುದರಿಂದ ಕೆಳಗೆ ಯಾರೂ ನಿಲ್ಲದಂತೆ ಮೊದಲೇ ನೋಡಿಕೊಳ್ಳಬೇಕು.

ಕುರುಚಲು ಸವರುವಾಗಲೂ ಅಡಗಿದ ಬಲವನ್ನು ಮರೆಯುವಂತಿಲ್ಲ. ಬಿದ್ದ ಮರದಡಿ ಸಿಕ್ಕಿ ಬಿಲ್ಲಿನಂತೆ ಬಾಗಿದ ಎಳೆಯ ಗಿಡವನ್ನು ಒಂದೇ ಏಟಿಗೆ ಕಡಿದರೆ, ಅದು ಚಿಮ್ಮಿ ಮುಖಕ್ಕೆ ಬಡಿಯುತ್ತದೆ. ಅದು ಚಿಮ್ಮುವ ದಾರಿಯಿಂದ ಸರಿದು ನಿಂತು, ಬಾಗಿನ ಒಳಮೈಯನ್ನು ಸ್ವಲ್ಪ ಸ್ವಲ್ಪವೇ ಕೆತ್ತುತ್ತ ಬಿಗಿಯನ್ನು ಸಡಿಲಿಸಬೇಕು.

ಕಣ್ಣಿಗೆ ಕಾಣದ ಬಲ ಇನ್ನೊಂದುಂಟು, ಅದು ವಿದ್ಯುತ್ತು. ತೋಟಗಳ ಮೇಲೆ ಹಾಯುವ 11,000 ವೋಲ್ಟಿನ ತಂತಿಗಳಿಗೆ ಸಾಮಾನ್ಯವಾಗಿ ಹೊದಿಕೆಯಿರುವುದಿಲ್ಲ. ಹಗುರವೆಂದು ಬಳಸುವ ಅಲ್ಯೂಮಿನಿಯಂ ಏಣಿ ಉತ್ತಮ ವಾಹಕ. ಲವಣಯುಕ್ತ ರಸ ತುಂಬಿದ ಹಸಿ ಕೊಂಬೆಯೂ, ನೆನೆದ ಬಿದಿರೂ ವಾಹಕಗಳೇ. ತಂತಿಯ ಬಳಿಯ ಮರವನ್ನು, ವಿದ್ಯುತ್ ಇಲಾಖೆಯವರಿಂದ ಸಂಪರ್ಕ ನಿಲ್ಲಿಸಿಕೊಳ್ಳದೆ ಮುಟ್ಟಲೇಬಾರದು. ಒಬ್ಬನು ವಿದ್ಯುತ್ತಿಗೆ ಸಿಕ್ಕಿಕೊಂಡಾಗ ಅವನನ್ನು ಬರಿಗೈಯಿಂದ ಎಳೆಯಲು ಹೋದವನೂ ಬಲಿಯಾಗುವನು; ಮೊದಲು ಪ್ರವಾಹ ನಿಲ್ಲಬೇಕು.

ಮರವು ಹಗೆಯಲ್ಲ, ಅದು ನಿಸರ್ಗದ ನಿಯಮಗಳಿಗೆ ಒಳಪಟ್ಟು ನಿಂತಿದೆ, ಅಷ್ಟೆ. ಕತ್ತಿ ಎತ್ತುವ ಮೊದಲು ಒಂದು ನಿಮಿಷ ಮರವನ್ನು ಸುತ್ತಿ ನೋಡಿ, ಭಾರ ಯಾವ ಕಡೆಗಿದೆ, ಬಿಗಿ ಎಲ್ಲಿದೆ, ತಂತಿ ಎಷ್ಟು ದೂರದಲ್ಲಿದೆ ಎಂದು ಕೇಳಿಕೊಂಡರೆ, ಬೆಳಗ್ಗೆ ಮರವೇರಿದವನು ಸಂಜೆ ಮನೆ ಸೇರುವನು.