ಓಗುಜ್ ತುರುಕರು ಮತ್ತು ಅವರ ಸಂತತಿ

ನಾರಾಯಣಪೇಟೆ, ಮಕ್ತಲ್‌ಗಳಿಗೆ ಈಶಾನ್ಯದಲ್ಲಿ ಗೋಲ್ಕೊಂಡ, ಪಶ್ಚಿಮದಲ್ಲಿ ಬಿಜಾಪುರ. ಗೋಲ್ಕೊಂಡದ ಕುತುಬ್‌ಶಾಹಿ ಅರಸರ ಪೂರ್ವಿಕರು ಕುರಿ ಕಾಯುವ ಗುಡಾರವಾಸಿಗಳಾಗಿದ್ದರೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಬಹುದು.

ಓಗುಜ್ ಎಂಬ ಹೆಸರು ಮಂಗೋಲಿಯದ ಓರ್ಖಾನ್ ನದೀಕಣಿವೆಯಲ್ಲಿರುವ 8ನೆಯ ಶತಮಾನದ ಶಿಲಾಶಾಸನಗಳಲ್ಲಿಯೇ ಬರುತ್ತದೆ. 10ನೆಯ ಶತಮಾನದ ವೇಳೆಗೆ ಓಗುಜರು ಅರಲ್ ಸಮುದ್ರದ ಸುತ್ತಲಿನ ಹುಲ್ಲುಗಾವಲುಗಳಲ್ಲಿ ಸಂಚರಿಸುತ್ತಿದ್ದರು. 11ನೆಯ ಶತಮಾನದ ಪಂಡಿತನಾದ ಮಹಮೂದ್ ಕಾಶ್ಗರಿಯು ಇವರ 22 ಬಳಿಗಳನ್ನು ಹೆಸರಿಸಿ, ಆಯಾ ಬಳಿಯವರು ತಮ್ಮ ಪಶುಗಳಿಗೆ ಹಾಕುತ್ತಿದ್ದ ಬರೆಯ ಗುರುತುಗಳನ್ನೂ ಬರೆದಿಟ್ಟಿದ್ದಾನೆ. ಇವರಲ್ಲಿಯೇ ಹುಟ್ಟಿದ ಸೆಲ್ಜೂಕರು 1071ರಲ್ಲಿ ಮಂಝಿಕರ್ಟ್ ಯುದ್ಧದಲ್ಲಿ ರೋಮನ್ ಚಕ್ರವರ್ತಿಯನ್ನು ಸೆರೆಹಿಡಿದರು. ಆ ಬಳಿಕ ಬಳಿಬಳಿಗಳೇ ಹೆಂಡಿರು ಮಕ್ಕಳು, ಕುರಿಹಿಂಡು, ಗುಡಾರಗಳೊಡನೆ ಪಶ್ಚಿಮಕ್ಕೆ ನಡೆದುವು.

ಈ ಕುಲದ ಒಂದು ಕವಲು 'ಕಾರಾ ಕೊಯುನ್ಲು', ಎಂದರೆ ಕರಿಕುರಿಯವರು. ತಬ್ರೀಜ್ ನಗರವು ಇವರ ರಾಜಧಾನಿ. 1467ರಲ್ಲಿ ಇವರ ದೊರೆ ಜಹಾನ್ ಶಾಹನನ್ನು ಎದುರಾಳಿಗಳಾದ ಬಿಳಿಕುರಿಯವರು ಕೊಂದರು, ವಂಶವು ಚದುರಿತು. ಆ ಮನೆತನದ ತರುಣನಾದ ಸುಲ್ತಾನ್ ಕುಲಿಯು ಬೀದರಿಗೆ ಬಂದು ಬಹಮನಿ ಅರಸರ ಸೇವೆಗೆ ನಿಂತನು. ('ಕುಲಿ' ಎಂದರೆ ತುರ್ಕಿಯಲ್ಲಿ ಸೇವಕ, ನಮ್ಮ ಕೂಲಿಗೂ ಇದಕ್ಕೂ ಸಂಬಂಧ ಕಲ್ಪಿಸಬಾರದು.) ಗೋಲ್ಕೊಂಡದ ರಾಜ್ಯವನ್ನು ಸ್ಥಾಪಿಸಿದವನು ಇವನೇ.

ಇವನ ಮಗ ಇಬ್ರಾಹಿಮನು ವಿಜಯನಗರದಲ್ಲಿ ಏಳು ವರ್ಷ ಆಶ್ರಯ ಪಡೆದು, 1550ರಲ್ಲಿ ಪಟ್ಟವೇರಿ, ತೆಲುಗು ಕವಿಗಳಿಗೆ ಪೋಷಕನಾದನು. 1591ರಲ್ಲಿ ಹೈದರಾಬಾದನ್ನು ಕಟ್ಟಿಸಿದ ಮೊಮ್ಮಗ ಮಹಮ್ಮದ್ ಕುಲಿಯು ದಖ್ಖನಿಯಲ್ಲಿ ಕವಿತೆ ಬರೆದನು. ತಾತನ ಕುಲದ ತುರ್ಕಿಯು ಮೂರನೆಯ ತಲೆಗೇ ಹಿಂದೆ ಸರಿದಿತ್ತು! ಗದ್ವಾಲವಿರುವ ಎಡೆದೊರೆ ನಾಡಿಗಾಗಿ ವಿಜಯನಗರದೊಡನೆ ಕಾದಾಡಿದ ಬಿಜಾಪುರದ ಆದಿಲ್‌ಶಾಹಿಗಳೂ ತುರ್ಕಿ ಮೂಲವನ್ನು ಹೇಳಿಕೊಂಡವರೇ. ಅವರಲ್ಲಿ ಎರಡನೆಯ ಇಬ್ರಾಹಿಮನು ಸರಸ್ವತಿಯನ್ನು ಸ್ತುತಿಸಿ ದಖ್ಖನಿಯಲ್ಲಿ ಹಾಡು ರಚಿಸಿದನು.

ಆದರೆ ತುರ್ಕಿ, ಅಜರ್‌ಬೈಜಾನ್, ತುರ್ಕ್‌ಮೆನಿಸ್ತಾನಗಳಲ್ಲಿ ಓಗುಜರ ನುಡಿಯ ಕವಲುಗಳು ಇಂದಿಗೂ ಮನೆಮಾತಾಗಿವೆ. ಒಂದೇ ಕುಲಕ್ಕೆ ಈ ಭೇದವೇಕೆ? ಅಲ್ಲಿಗೆ ಹೋದವರು ತಾಯಂದಿರನ್ನೂ ತೊಟ್ಟಿಲುಗಳನ್ನೂ ಒಯ್ದರು. ಇಲ್ಲಿಗೆ ಬಂದವರಾದರೋ ಹೆಚ್ಚಾಗಿ ಉದ್ಯೋಗ ಅರಸಿ ಒಂಟಿಯಾಗಿ ಬಂದ ಗಂಡಸರು; ಆಸ್ಥಾನದಲ್ಲಿ ಪಾರಸಿ, ಮನೆಯಲ್ಲಿ ದಖ್ಖನಿ, ಪೇಟೆಯಲ್ಲಿ ತೆಲುಗು ಕನ್ನಡಗಳು ಅವರನ್ನು ಸುತ್ತುವರಿದುವು. ಅವರ ನುಡಿಯಿಂದ ನಮ್ಮಲ್ಲಿ ಉಳಿದುವು ಕೆಲವು ಶಬ್ದಗಳು: ಬೇಗಂ, ತೋಪು, ದಂಡಿನ ಬೀಡೆಂಬ ಅರ್ಥದಿಂದ ಹುಟ್ಟಿದ ಉರ್ದು, ಮತ್ತು ನಮ್ಮ ಅಡಿಗೆಮನೆಯ ಚಾಕು.