ಪರಮಪ್ರಸಾದದ ಸಾಲಿಗೆ ಹೋಗಲಾಗುತ್ತಿಲ್ಲ

ಪ್ರಶ್ನೆ: ನನಗೆ 34 ವರ್ಷ. ಮೂವರು ಮಕ್ಕಳು, ಮೂರೂ ಸಿಸೇರಿಯನ್. ಕೊನೆಯ ಹೆರಿಗೆಯಲ್ಲಿ ಬಿಪಿ ವಿಪರೀತ ಏರಿ ಐಸಿಯುನಲ್ಲಿದ್ದೆ. ಇನ್ನೊಂದು ಬಸಿರು ಬೇಡವೇ ಬೇಡ ಎಂದಿದ್ದಾರೆ ಡಾಕ್ಟರು. ಪತಿ ಗಲ್ಫ್‌ನಲ್ಲಿದ್ದಾರೆ, ವರ್ಷಕ್ಕೊಮ್ಮೆ ರಜೆಗೆ ಬರುತ್ತಾರೆ. ಕೇಳಿದರೆ ‘ನಿನಗೆ ಸರಿ ಕಂಡದ್ದು ಮಾಡು’ ಅಂದರು. ಕಾಪರ್‌-ಟಿ ಹಾಕಿಸಿಕೊಂಡೆ. ಇದು ಪಾಪವೆಂದು ಮದುವೆಗೆ ಮುಂಚಿನ ತರಬೇತಿಯಲ್ಲಿ ಹೇಳಿದ್ದರು. ಅಂದಿನಿಂದ ಪರಮಪ್ರಸಾದ ತೆಗೆದುಕೊಳ್ಳುತ್ತಿಲ್ಲ. ಎಲ್ಲರೂ ಸಾಲಿಗೆ ಎದ್ದಾಗ ಮಗುವನ್ನು ಸಮಾಧಾನ ಮಾಡುವ ನೆಪದಲ್ಲಿ ಇಗರ್ಜಿಯ ಹೊರಗೆ ಬರುತ್ತೇನೆ. ಅತ್ತೆಗೆ ಅನುಮಾನ ಬಂದಿದೆ. ಧರ್ಮಸಭೆಯ ಮಾತು ಮೀರಿದ ನಾನು ‘ನನ್ನ ಆತ್ಮಸಾಕ್ಷಿ’ ಎನ್ನಬಹುದೇ?
– ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಸಾವಿನ ಹತ್ತಿರ ಹೋಗಿ ಬಂದ ದೇಹ, ಕಂಕುಳಲ್ಲಿ ಕೂಸು, ಅದರ ಮೇಲೆ ಪ್ರತಿ ಭಾನುವಾರ ಎದೆ ಹಿಂಡುವ ತಪ್ಪಿತಸ್ಥ ಭಾವ. ಎಷ್ಟು ದಣಿದಿದ್ದೀರಿ ಎನ್ನುವುದು ನಿಮ್ಮ ಪತ್ರದ ಸಾಲುಸಾಲಿನಲ್ಲೂ ತಿಳಿಯುತ್ತದೆ. ಧರ್ಮ ನಿಮಗೆ ಬರೀ ರೂಢಿಯಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಈ ನೋವನ್ನು ನಿಮ್ಮ ಅವಿಧೇಯತೆಗೆ ಪುರಾವೆ ಎಂದುಕೊಳ್ಳಬೇಡಿ. ಇದೇ ಸಂಕಟವನ್ನು ಯಾರಿಗೂ ಹೇಳದೆ ನುಂಗಿಕೊಂಡವರು ನಿಮ್ಮ ಊರಿನಲ್ಲೇ ಇನ್ನೂ ಇರಬಹುದು.

ನಾನು ಆಪ್ತಸಮಾಲೋಚಕಿ, ಧರ್ಮಗುರುವಲ್ಲ. ಇದು ಪಾಪವೋ ಅಲ್ಲವೋ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ನಿಮ್ಮ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲು ಅವನ್ನು ಬಿಡಿಸೋಣ.

ನಾಲ್ಕನೆಯ ಮಗು ಬೇಡ ಎಂದುಕೊಂಡದ್ದೇ ತಪ್ಪೇ? ಅಲ್ಲ. ಇದನ್ನು ಧರ್ಮಸಭೆಯೇ ಹೇಳುತ್ತದೆ. 1968ರ ಜುಲೈ 25ರಂದು ಪೋಪ್ ಆರನೆಯ ಪೌಲರು ಹೊರಡಿಸಿದ ‘ಹ್ಯೂಮಾನೆ ವೀಟೆ’ ಎಂಬ ಪತ್ರವೇ ಕೃತಕ ಗರ್ಭನಿರೋಧದ ನಿಷೇಧವನ್ನು ಎತ್ತಿಹಿಡಿದದ್ದು. ಗಂಡಹೆಂಡಿರ ದೇಹಸ್ಥಿತಿ, ಮನಸ್ಥಿತಿ, ಸಂಸಾರದ ಪರಿಸ್ಥಿತಿ ನೋಡಿಕೊಂಡು ಹೆರಿಗೆಗಳ ನಡುವೆ ಅಂತರ ಇಡಬಹುದು ಎಂದೂ ಅದೇ ಪತ್ರ ಒಪ್ಪುತ್ತದೆ. 2015ರ ಜನವರಿಯಲ್ಲಿ ಫಿಲಿಪ್ಪೀನ್ಸ್‌ನಿಂದ ಮರಳುವಾಗ ವಿಮಾನದಲ್ಲಿ ಪೋಪ್ ಫ್ರಾನ್ಸಿಸ್ ಒಂದು ಸಂಗತಿ ಹೇಳಿದ್ದರು. ಏಳು ಸಿಸೇರಿಯನ್ ಆದಮೇಲೆ ಮತ್ತೆ ಬಸಿರಾಗಿದ್ದ ಒಬ್ಬ ತಾಯಿಯನ್ನು, ‘ಇರುವ ಮಕ್ಕಳನ್ನು ತಬ್ಬಲಿ ಮಾಡುತ್ತೀಯಾ’ ಎಂಬರ್ಥದಲ್ಲಿ ಅವರು ಗದರಿದ್ದರಂತೆ. ಹಾಗಾಗಿ ‘ನಾನು ಬದುಕಬೇಕು, ಮೂವರು ಮಕ್ಕಳನ್ನು ಸಾಕಬೇಕು’ ಎಂಬ ನಿಮ್ಮ ಆಸೆಗೆ ನಾಚಬೇಕಾಗಿಲ್ಲ. ಆ ಹೊರೆಯನ್ನು ಇವತ್ತೇ ಇಳಿಸಿ.

ಉಳಿಯುವುದು ವಿಧಾನದ ಪ್ರಶ್ನೆ. ಇಲ್ಲಿ ಬೋಧನೆ ಸ್ಪಷ್ಟವಾಗಿದೆ, ಅದನ್ನು ಮರೆಮಾಚಿ ಸಮಾಧಾನ ಹೇಳಲಾರೆ. ತಿಂಗಳ ಚಕ್ರ ನೋಡಿಕೊಂಡು ದೂರವಿರುವ ನೈಸರ್ಗಿಕ ಕ್ರಮಕ್ಕೆ ಒಪ್ಪಿಗೆಯಿದೆ, ಕಾಪರ್‌-ಟಿ, ಮಾತ್ರೆ, ನಿರೋಧ್‌ಗಳಿಗೆ ಇಲ್ಲ. ಪೋಪ್ ಫ್ರಾನ್ಸಿಸ್ ಕೂಡ ಅಂದು ವಿಮಾನದಲ್ಲಿ ಸೂಚಿಸಿದ್ದು ಧರ್ಮಸಭೆ ಒಪ್ಪುವ ದಾರಿಗಳನ್ನೇ. ಆದರೆ ಈ ವಿಷಯದಲ್ಲಿ ತಳಮಳಿಸಿದ್ದು ನೀವೊಬ್ಬರೇ ಅಲ್ಲ. ಪೋಪರಿಗೆ ಸಲಹೆ ನೀಡಲು ನೇಮಕವಾಗಿದ್ದ ಆಯೋಗದ ಬಹುಪಾಲು ಸದಸ್ಯರು 1966ರಲ್ಲಿ ಬದಲಾವಣೆಯ ಪರವಾಗಿದ್ದರು. ಪೋಪರು ಅದನ್ನು ಒಪ್ಪಲಿಲ್ಲ. 1968ರಲ್ಲೇ ಕೆನಡಾ ಮತ್ತು ಜರ್ಮನಿಯ ಬಿಷಪರು, ಪ್ರಾಮಾಣಿಕವಾಗಿ ಯತ್ನಿಸಿಯೂ ಈ ಬೋಧನೆಯನ್ನು ಪಾಲಿಸಲಾಗದ ದಂಪತಿಗಳ ಆತ್ಮಸಾಕ್ಷಿಯ ಬಗ್ಗೆ ಮೃದುವಾಗಿ ಮಾತಾಡಿದರು. ಅದಕ್ಕೂ ಆಕ್ಷೇಪಗಳು ಬಂದವು.

ಆತ್ಮಸಾಕ್ಷಿಯ ಮಾತೂ ಧರ್ಮಸಭೆಯದೇ. ಖಚಿತವಾದ ಆತ್ಮಸಾಕ್ಷಿಯ ತೀರ್ಪಿಗೆ ಮನುಷ್ಯ ವಿಧೇಯನಾಗಿರಬೇಕು ಎನ್ನುತ್ತದೆ ಅದರ ಧರ್ಮೋಪದೇಶ ಗ್ರಂಥ. ಆತ್ಮಸಾಕ್ಷಿಯೂ ತಪ್ಪಬಹುದು, ಅದನ್ನು ಬೋಧನೆಯ ಬೆಳಕಿನಲ್ಲಿ ರೂಪಿಸಿಕೊಳ್ಳಬೇಕು ಎಂದೂ ಅಲ್ಲೇ ಇದೆ. ಅಂದರೆ ‘ನನಗೆ ಅನ್ನಿಸಿತು, ಮಾಡಿದೆ’ ಎಂದಷ್ಟೇ ಹೇಳಿದರೆ ಸಾಲದು. ತಿಳಿದುಕೊಂಡು, ಕೇಳಿ, ಪ್ರಾರ್ಥಿಸಿ, ಗಂಡಹೆಂಡಿರು ಕೂಡಿ ನಿರ್ಧರಿಸಬೇಕು. ನೀವು ಕಾಪರ್‌-ಟಿ ಹಾಕಿಸಿಕೊಂಡದ್ದು ಸಾವಿನ ಹೆದರಿಕೆಯಲ್ಲಿ, ಸಾಲಿನಿಂದ ದೂರ ಉಳಿದದ್ದು ಪಾಪದ ಹೆದರಿಕೆಯಲ್ಲಿ. ಎರಡು ಸಲವೂ ನಿಮ್ಮ ಜೊತೆ ಯಾರೂ ಇರಲಿಲ್ಲ. ನಿಮ್ಮನ್ನು ಹೆಚ್ಚು ಬಳಲಿಸಿರುವುದು ಈ ಒಂಟಿತನ ಎಂದು ನನಗನ್ನಿಸುತ್ತದೆ.

ಈಗ ಏನು ಮಾಡಬಹುದು?

ಮೊದಲು ಪತಿಯೊಡನೆ ಮಾತಾಡಿ. ‘ನಿನಗೆ ಸರಿ ಕಂಡದ್ದು ಮಾಡು’ ಎಂಬುದು ಪ್ರೀತಿಯಿಂದ ಬಂದ ಮಾತೇ ಇರಬಹುದು, ಆದರೆ ಇಡೀ ಭಾರ ನಿಮ್ಮ ಮೇಲೆ ಬಿತ್ತು. ‘ನನ್ನಿಂದ ಒಬ್ಬಳೇ ಹೊರಲಾಗುತ್ತಿಲ್ಲ, ನೀವೂ ಜೊತೆಗಿರಿ’ ಎಂದು ನೇರವಾಗಿ ಹೇಳಿ. ರಜೆ ಬರುವವರೆಗೆ ಕಾಯಬೇಡಿ. ಇದನ್ನು ಓದುತ್ತಿರುವ ಗಂಡಂದಿರಿಗೂ ಒಂದು ಮಾತು: ಈ ನಿರ್ಧಾರದ ಅರ್ಧ ಪಾಲು ನಿಮ್ಮದು.

ಎರಡನೆಯದು, ಡಾಕ್ಟರನ್ನು ಮತ್ತೆ ಕಾಣಿ. ಇನ್ನೊಂದು ಬಸಿರಿನ ಅಪಾಯ ಎಷ್ಟು, ಕಾಪರ್‌-ಟಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ, ನೈಸರ್ಗಿಕ ಕ್ರಮ ನಿಮಗೆ ಎಷ್ಟು ಭರವಸೆಯದು ಎಂದು ಬಿಡಿಸಿ ಕೇಳಿ. ಹಾಲುಣಿಸುತ್ತಿದ್ದರೆ, ಮುಟ್ಟು ಏರುಪೇರಾಗುತ್ತಿದ್ದರೆ ಲೆಕ್ಕ ತಪ್ಪುವುದು ಸುಲಭ. ಉತ್ತರ ಸಿಗುವವರೆಗೆ, ಬೇರೆ ವ್ಯವಸ್ಥೆ ಮಾಡಿಕೊಳ್ಳದೆ, ಪಶ್ಚಾತ್ತಾಪದ ಭರದಲ್ಲಿ ಕಾಪರ್‌-ಟಿ ತೆಗೆಸಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಇಲ್ಲಿರುವುದು ನಿಮ್ಮ ಪ್ರಾಣದ ಪ್ರಶ್ನೆ.

ಮೂರನೆಯದು, ತಾಳ್ಮೆಯಿಂದ ಕೇಳುವ ಒಬ್ಬ ಫಾದರ್ ಬಳಿ ಸಮಯ ಕೇಳಿಕೊಂಡು ಹೋಗಿ. ಊರಿನವರೇ ಆಗಬೇಕೆಂದಿಲ್ಲ, ಬೇರೆ ಇಗರ್ಜಿಯವರೂ ಆಗಬಹುದು. ಐಸಿಯುನಿಂದ ಹಿಡಿದು ಎಲ್ಲವನ್ನೂ ಹೇಳಿ. ಪಾಪನಿವೇದನೆಯಲ್ಲಿ ಹೇಳಿದ್ದು ಯಾರ ಕಿವಿಗೂ ಬೀಳದು, ಅತ್ತೆಯ ಕಿವಿಗೂ. ಈ ವಿಷಯದಲ್ಲಿ ಪದೇ ಪದೇ ಎಡವಿದರೆಂಬ ಒಂದೇ ಕಾರಣಕ್ಕೆ ಕ್ಷಮೆ ನಿರಾಕರಿಸಬಾರದೆಂದು ಗುರುಗಳಿಗಾಗಿ ವ್ಯಾಟಿಕನ್ 1997ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿದೆ. ಪರಮಪ್ರಸಾದದ ವಿಷಯವನ್ನೂ ಅವರ ಮುಂದಿಡಿ. ಒಬ್ಬರು ಗದರಿದರೆ ಅಲ್ಲಿಗೇ ನಿಲ್ಲಿಸಬೇಡಿ, ಇನ್ನೊಬ್ಬರನ್ನು ಕಾಣಿ. ಅಲ್ಲಿಯವರೆಗೆ ಪೂಜೆ, ಪ್ರಾರ್ಥನೆ ಬಿಡಬೇಡಿ.

ಅತ್ತೆಗೆ ವಿವರ ಒಪ್ಪಿಸುವ ಹಂಗು ನಿಮಗಿಲ್ಲ. ‘ಮನಸ್ಸು ಸರಿಯಿಲ್ಲ ಅತ್ತೆ, ಫಾದರ್ ಹತ್ತಿರ ಮಾತಾಡುತ್ತೇನೆ’ ಎಂದರೆ ಸಾಕು.

ನಿದ್ದೆ ಬಾರದಿರುವುದು, ಸುಮ್ಮನೆ ಅಳು, ಮಗುವಿನ ಮೇಲೂ ಮನಸ್ಸಿಲ್ಲದಿರುವುದು ಇವೆಯೇ? ಹೆರಿಗೆಯ ನಂತರದ ಖಿನ್ನತೆ ಕೂಡ ತಪ್ಪಿತಸ್ಥ ಭಾವದ ರೂಪದಲ್ಲಿ ಬರುವುದುಂಟು. ಅದಕ್ಕೆ ಚಿಕಿತ್ಸೆಯಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ಆದಮೇಲೆ ನೀವಿಬ್ಬರೂ ಯಾವ ನಿರ್ಧಾರಕ್ಕೆ ಬರುತ್ತೀರೋ ನಾನು ಹೇಳಲಾರೆ. ಅದು ನಿಮ್ಮಿಬ್ಬರದೇ ಆಗಿರಲಿ, ಮೂವರು ಮಕ್ಕಳಿಗೆ ತಾಯಿ ಬೇಕು ಎಂಬುದು ಅದರಲ್ಲಿ ಲೆಕ್ಕಕ್ಕೆ ಬರಲಿ. ಈ ವಾರ ಮೂರನ್ನೂ ಮಾಡಲಾಗದಿದ್ದರೆ ಪತಿಗೆ ಒಂದು ಫೋನ್ ಮಾಡಿ, ಅಷ್ಟು ಸಾಕು.