ಲೆಕ್ಕ ಮೊದಲು, ಅರ್ಜಿ ಆಮೇಲೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಇದು ಕಬ್ಬಿನ ಸೀಮೆ. ಕಬ್ಬು ಇದ್ದಲ್ಲಿ ಬೆಲ್ಲವೂ ಇದೆ. 2020ರಲ್ಲಿ ಕೇಂದ್ರ ಸರಕಾರ ಕಿರು ಆಹಾರ ಉದ್ಯಮಗಳಿಗೆ ಒಂದು ಯೋಜನೆ ತಂದಿತು. ಅದರಲ್ಲಿ ಬೆಳಗಾವಿ ಜಿಲ್ಲೆಗೆ ಆರಿಸಿದ್ದು ಬೆಲ್ಲವನ್ನೇ. ಆ ಯೋಜನೆಯ ನಿಯಮದಂತೆ ಒಪ್ಪಿದ ಖರ್ಚು ನೂರು ರೂಪಾಯಿ ಆದರೆ 35 ರೂಪಾಯಿ ಸಹಾಯಧನ. ಕನಿಷ್ಠ 10 ರೂಪಾಯಿ ನಮ್ಮ ಪಾಲು. ಉಳಿದದ್ದಕ್ಕೆ ಬ್ಯಾಂಕ್ ಸಾಲ.

ಒಂದು ಸಂಘದ ಅಕ್ಕಂದಿರು ಬೆಲ್ಲದ ಪುಡಿ ಮಾಡಿ ಮಾರಲು ಅರ್ಜಿ ಬರೆಯಲು ಕುಳಿತರು ಎನ್ನಿ.

“ಯಂತ್ರಕ್ಕ 60,000 ರೂಪಾಯಿ. ಅಷ್ಟ ಬರೀರಿ” ಎಂದಳು ಒಬ್ಬಾಕಿ.

“ತಡಿ ತಂಗಿ. ಯಂತ್ರ ತಾನ ನಡಕೊಂಡ ಬರತೈತೇನು? ಕರೆಂಟ್ ಇಲ್ದ ತಿರಗತೈತೇನು?” ಎಂದಳು ಹಿರಿಯಾಕಿ.

ಎಲ್ಲರೂ ಕೂಡಿ ಹೀಗೆ ಬರೆದರು. ದರಗಳು ಕಲಿಯಲು ಮಾತ್ರ.

ಪುಡಿ ಯಂತ್ರ 1 = 60,000
ತಕ್ಕಡಿ 2 × 3,000 = 6,000
ಚೀಲ ಸೀಲ್ ಮಾಡುವ ಯಂತ್ರ 2 × 2,000 = 4,000
ಕರೆಂಟ್ ಜೋಡಣೆ = 12,000
ಟೆಂಪೋ ಬಾಡಿಗೆ = 3,000
ಬೆಲ್ಲ 300 ಕಿಲೋ × 50 = 15,000
ಒಟ್ಟು = 1,00,000

60,000 ಎಲ್ಲಿ, 1,00,000 ಎಲ್ಲಿ! ಮೊದಲಿನಂತೆ ಬರೆದಿದ್ದರೆ ಯಂತ್ರ ಮೂಲೆಯಲ್ಲಿ ಕೂರುತ್ತಿತ್ತು. ಸಾಲದ ಕಂತು ಮಾತ್ರ ನಿಲ್ಲುತ್ತಿರಲಿಲ್ಲ.

ಎಲ್ಲ ಖರ್ಚಿಗೂ ಸಹಾಯಧನ ಸಿಗದು. ಯಾವುದಕ್ಕೆ ಸಿಗುತ್ತದೆ ಎಂದು ಮೊದಲೇ ಕೇಳಿರಿ. ದರವನ್ನು ಮನಸ್ಸಿಗೆ ಬಂದಂತೆ ಬರೆಯಬೇಡಿರಿ. ಎರಡು ಮೂರು ಅಂಗಡಿಗಳಿಂದ ಕೊಟೇಶನ್ ತನ್ನಿರಿ. ಒಟ್ಟು ಮೊತ್ತವನ್ನು ನೀವೇ ಕೂಡಿ ನೋಡಿರಿ. ಆಮೇಲೆ ಸಹಿ ಮಾಡಿರಿ.

ಲೆಕ್ಕ ಮಾಡಿರಿ:
1. ಒಂದು ತಕ್ಕಡಿಗೆ 3,500 ರೂಪಾಯಿ ಆದರೆ ಒಟ್ಟು ಎಷ್ಟು?
2. ಈ ಪಟ್ಟಿಯಲ್ಲಿ ಇನ್ನೂ ಯಾವ ಖರ್ಚು ಬಿಟ್ಟುಹೋಗಿದೆ?